ಐರನ್ ಸರಿಯಾಗಿ ತಾಗಬೇಕಾ? ಮೊದಲು ಚೆಂಡು, ಆಮೇಲೆ ನೆಲ

ಗಾಲ್ಫ್ ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಐರನ್ ಸರಿಯಾಗಿ ತಾಗೋದೇ ಇಲ್ಲ. ಒಂದು ಸಲ ಚೆಂಡಿನ ಹಿಂದೆ ನೆಲಕ್ಕೆ ಬಡಿಯುತ್ತೆ, ಇನ್ನೊಂದು ಸಲ ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತೆ. ಏನು ಮಾಡಲಿ?" ಹುಬ್ಬಳ್ಳಿ-ಧಾರವಾಡದವರು ಕೇಳುತ್ತಾರೆ, ಗದಗದವರು ಕೇಳುತ್ತಾರೆ, ರಜೆಗೆ ಹಾವೇರಿಗೆ ಬಂದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದಿನಾ ಗಾಲ್ಫ್ ಕೋರ್ಸ್‌ಗೆ ಹೋಗುವ ಅನುಕೂಲ ಇಲ್ಲದೆ ಹಿತ್ತಲು, ಹೊಲ, ಖಾಲಿ ಸೈಟಿನಲ್ಲೇ ಅಭ್ಯಾಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಎಲ್ಲವೂ ಬಲಗೈ ಆಟಗಾರರ ಲೆಕ್ಕದಲ್ಲಿದೆ, ಅಂದರೆ ಗುರಿ ನಿಮ್ಮ ಎಡಕ್ಕೆ. ಎಡಗೈಯವರು ಎಡ-ಬಲ ತಿರುಗಿಸಿ ಓದಿಕೊಳ್ಳಿ.

ಮೊದಲು ಕೆಲವು ಪದ

ಚೆಂಡು ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ. ಐರನ್ ಅಂದರೆ ಚಪ್ಪಟೆ ಲೋಹದ ತಲೆಯಿರುವ ಕ್ಲಬ್. ಸಂಖ್ಯೆ ದೊಡ್ಡದಾದಷ್ಟೂ ಕ್ಲಬ್ ಗಿಡ್ಡ, ಮುಖ ಜಾಸ್ತಿ ಓರೆ. ಈ ಓರೆಗೆ ಲಾಫ್ಟ್ ಅನ್ನುತ್ತಾರೆ. ಈಗಿನ 7 ಐರನ್‌ಗಳಲ್ಲಿ ಅದು ಸಾಮಾನ್ಯವಾಗಿ 28ರಿಂದ 34 ಡಿಗ್ರಿ. ಚೆಂಡು ಮೇಲೇಳುವುದು ಈ ಓರೆಯಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೆಂಡಿನ ಹಿಂದೆ ನೆಲ ಅಗೆದರೆ ಅದು ಫ್ಯಾಟ್. ಚೆಂಡಿನ ನಡುಭಾಗಕ್ಕೆ ಕ್ಲಬ್ಬಿನ ಕೆಳಅಂಚು ತಾಗಿದರೆ ಥಿನ್. ಇನ್ನೂ ಮೇಲೆ ತಾಗಿದರೆ ಟಾಪ್. ಕ್ಲಬ್ಬಿನ ತಲೆ ಕೋಲಿಗೆ ಸೇರುವ ಕುತ್ತಿಗೆಗೆ ಚೆಂಡು ಬಡಿದು ಬಲಕ್ಕೆ ಸಿಡಿದರೆ ಅದು ಶ್ಯಾಂಕ್. ಹೊಡೆದಾಗ ಕಿತ್ತು ಬರುವ ಹುಲ್ಲು-ಮಣ್ಣಿನ ತುಂಡಿಗೂ, ಅಲ್ಲಿ ಉಳಿಯುವ ಗುಳಿಗೂ ಡೈವಟ್ ಅನ್ನುತ್ತಾರೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಲೋ ಪಾಯಿಂಟ್. ಕ್ಲಬ್ ಸುತ್ತಿ ಬರುವ ದಾರಿಯ ತೀರಾ ಕೆಳಗಿನ ಜಾಗ. ಪಂಚಮಿಗೆ ಕಟ್ಟುವ ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ನೆಲಕ್ಕೆ ತೀರಾ ಹತ್ತಿರ ಬರೋದು ಹಗ್ಗ ಕಟ್ಟಿದ ಟೊಂಗೆಯ ನೇರ ಕೆಳಗೆ. ಹಗ್ಗವನ್ನು ಒಂದು ಮೊಳ ಮುಂದೆ ಕಟ್ಟಿದರೆ ಆ ಜಾಗವೂ ಒಂದು ಮೊಳ ಮುಂದೆ ಹೋಗುತ್ತದೆ. ನಿಮ್ಮ ಸ್ವಿಂಗ್‌ಗೆ (ಕ್ಲಬ್ ಹಿಂದೆ ಎತ್ತಿ ಬೀಸುವುದಕ್ಕೆ) ಆ ಟೊಂಗೆ ಅಂದರೆ ನಿಮ್ಮ ಎದೆ ಮತ್ತು ಎಡ ಭುಜ. ಅವು ಬಲಕ್ಕೆ ಉಳಿದುಬಿಟ್ಟರೆ ಕ್ಲಬ್ ಚೆಂಡಿಗಿಂತ ಮೊದಲೇ ನೆಲ ಮುಟ್ಟುತ್ತದೆ.

ನೆಲ ಮುಟ್ಟದಿದ್ದರೆ? ಆಗ ಚೆಂಡಿನ ಹತ್ತಿರ ಬರುವ ಹೊತ್ತಿಗೆ ಕ್ಲಬ್ ಮೇಲೆ ಏಳೋಕೆ ಶುರು ಮಾಡಿರುತ್ತದೆ. ನೆತ್ತಿಗೆ ತಾಗುತ್ತದೆ. ಫ್ಯಾಟ್ ಮತ್ತು ಟಾಪ್ ಬಹಳ ಸಲ ಒಂದೇ ಕಾಯಿಲೆಯ ಎರಡು ಲಕ್ಷಣ ಅನ್ನೋದು ಇದಕ್ಕೇ. ಒಂದಕ್ಕೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು ಮದ್ದು ಹುಡುಕುತ್ತಾ ಹೋದವರು ವರ್ಷಗಟ್ಟಲೆ ಅಲ್ಲೇ ಸುತ್ತುತ್ತಾರೆ.

ವೃತ್ತಿಪರರು 7 ಐರನ್ ಹೊಡೆಯುವಾಗ ಲೋ ಪಾಯಿಂಟ್ ಚೆಂಡಿಗಿಂತ ಸುಮಾರು 3-4 ಇಂಚು ಮುಂದೆ, ಗುರಿಯ ಕಡೆ ಇರುತ್ತದೆ. ಕ್ಲಬ್ ಇನ್ನೂ ಇಳಿಯುತ್ತಿರುವಾಗಲೇ, ಸುಮಾರು 4 ಡಿಗ್ರಿ ಕೆಳಮುಖವಾಗಿ, ಚೆಂಡಿಗೆ ತಾಗುತ್ತದೆ. ಆಮೇಲೆ ನೆಲ. ಅವರ ಡೈವಟ್ ಚೆಂಡು ಇದ್ದ ಜಾಗದ ಮುಂದೆ ಶುರುವಾಗುತ್ತದೆ. ನಮಗೆ ಬೇಕಾದದ್ದು ಇಷ್ಟೇ. ಕೆಳಗಿನ ಹಂತಗಳೆಲ್ಲ ಆ ಒಂದು ಜಾಗವನ್ನು ಚೆಂಡಿನ ಮುಂದಕ್ಕೆ ತರೋದಕ್ಕೆ.

ಏನೇನು ಬೇಕು

ಒಂದು 7 ಅಥವಾ 8 ಐರನ್. ಹಳೆಯದಾದರೆ ಒಳ್ಳೆಯದು, ಗೀರು ಬಿದ್ದರೆ ಹೊಟ್ಟೆ ಉರಿಯೋದಿಲ್ಲ. ತೂತಿರುವ ಪ್ಲಾಸ್ಟಿಕ್ ಅಭ್ಯಾಸದ ಚೆಂಡುಗಳು, ಕೆಲವು ನಿಜವಾದ ಚೆಂಡುಗಳು. ಒಂದು ಮುಷ್ಟಿ ರಂಗೋಲಿ ಪುಡಿ. ಮುಖಕ್ಕೆ ಹಚ್ಚುವ ಟಾಲ್ಕಮ್ ಪೌಡರ್. ಹಳೆಯ ಟವೆಲ್, ಖಾಲಿ ಬೆಂಕಿಪೊಟ್ಟಣ, ಸ್ಲೋ ಮೋಷನ್ ಇರುವ ಫೋನ್. ಬೂಟು ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಸ್ವಿಂಗ್ ಮಾಡುವವರನ್ನು ನೋಡಿದ್ದೇನೆ. ಪಾದ ಚಪ್ಪಲಿಯೊಳಗೇ ಜಾರುತ್ತಿದ್ದರೆ ಭಾರ ಎಲ್ಲಿದೆ ಅಂತ ಗೊತ್ತೇ ಆಗೋದಿಲ್ಲ.

ತರಬೇತಿಗೆಂದು ಮಾರುವ ಸಾಮಾನು ರಾಶಿ ಇದೆ. ಸದ್ಯಕ್ಕೆ ಒಂದನ್ನೂ ಕೊಳ್ಳಬೇಡಿ.

ನಮ್ಮ ಕಡೆಯ ನೆಲದ ಬಗ್ಗೆ

ಬೇರೆ ಕಡೆಯ ಪಾಠಗಳಲ್ಲಿ ಈ ಭಾಗ ಇರೋದಿಲ್ಲ. ಅಲ್ಲಿ ಹುಲ್ಲು ಇದ್ದೇ ಇರುತ್ತದೆ ಅಂತ ಅಂದುಕೊಂಡು ಬರೆದಿರುತ್ತಾರೆ. ನಮಗೆ ಮಣ್ಣೇ ಗತಿ, ಅದರಲ್ಲೂ ಎಲ್ಲ ಮಣ್ಣು ಒಂದೇ ಥರ ಇಲ್ಲ.

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಗದಗ, ರೋಣದ ಕಡೆ ಹೋದಂತೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಂಕ್ರೀಟಿನಷ್ಟು ಗಟ್ಟಿ. ಆ ನೆಲಕ್ಕೆ ಜೋರಾಗಿ ಕ್ಲಬ್ ಬಡಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಜುಮ್ ಅನ್ನುತ್ತದೆ, ದಿನಾ ಬಡಿದರೆ ನೋವು ಉಳಿದುಬಿಡುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಕ್ಲಬ್‌ಗೂ ಬೂಟಿಗೂ ಕಚ್ಚಿಕೊಂಡು ಬಿಡೋದಿಲ್ಲ. ಎರಿ ನೆಲದವರಿಗೆ ನನ್ನ ಸಲಹೆ ಉಸುಕು. ಜರಡಿ ಹಿಡಿದ ಉಸುಕನ್ನು ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು-ಮೂರು ಇಂಚು ದಪ್ಪಕ್ಕೆ ಹರಡಿ. ನೀರು ಚಿಮುಕಿಸಿ ಕಾಲಿನಿಂದ ತುಳಿದು ಒತ್ತಿ. ನಿಮ್ಮ ಪಾದಗಳು ಉಸುಕಿನ ಮೇಲಿರಬಾರದು, ಆದರೆ ಅದೇ ಎತ್ತರದಲ್ಲಿರಬೇಕು. ಅದಕ್ಕೆ ಎರಡು ಇಂಚು ನೆಲ ಕೆರೆದು ಉಸುಕು ತುಂಬುವುದು ಇನ್ನೂ ಒಳ್ಳೆಯದು.

ಧಾರವಾಡದ ಪಶ್ಚಿಮದ ಕಡೆ ಕೆಂಪು ಮಣ್ಣು. ಹಿಂದಿನ ರಾತ್ರಿ ನೀರು ಹಾಕಿಟ್ಟರೆ ಬೆಳಗ್ಗೆ ಹದವಾಗಿರುತ್ತದೆ. ಆದರೆ ಮೊರಂ ಕಲ್ಲು ಇದ್ದ ಜಾಗದಲ್ಲಿ ಬೇಡ. ಕ್ಲಬ್ ಹಾಳಾಗೋದು ಒಂದು ಕಡೆ, ಸಿಡಿದ ಕಲ್ಲು ಕಣ್ಣಿಗೆ ಬಿದ್ದರೆ ಇನ್ನೊಂದು ಕಡೆ.

ಮ್ಯಾಟ್ ಮೇಲೆ ಅಭ್ಯಾಸ ಮಾಡಬಹುದಾ ಅಂತ ಕೇಳುತ್ತಾರೆ. ಮಾಡಬಹುದು, ಆದರೆ ಮ್ಯಾಟ್ ಸುಳ್ಳು ಹೇಳುತ್ತದೆ. ಚೆಂಡಿನ ಎರಡು ಇಂಚು ಹಿಂದೆ ಬಿದ್ದರೂ ಕ್ಲಬ್ ಅದರ ಮೇಲೆ ಜಾರಿ ಚೆಂಡಿಗೆ ತಾಗಿಬಿಡುತ್ತದೆ, ಚೆಂಡೂ ಚೆನ್ನಾಗಿ ಹಾರುತ್ತದೆ. ಅದೇ ಹೊಡೆತ ಕೋರ್ಸ್‌ನ ಹುಲ್ಲಿನಲ್ಲಿ ಹೂತುಹೋಗುತ್ತದೆ. ಮಹಡಿಯ ಮೇಲೆ ಮ್ಯಾಟ್ ಹಾಕಿಕೊಂಡವರು ಚೆಂಡಿನ ಹಿಂದೆ ಟವೆಲ್ ಇಡಲೇಬೇಕು. ಅದನ್ನು 5ನೇ ಹಂತದಲ್ಲಿ ಹೇಳಿದ್ದೇನೆ.

ಇನ್ನೊಂದು ಎಚ್ಚರಿಕೆ, ಇದರಲ್ಲಿ ರಾಜಿ ಇಲ್ಲ. ಗಾಲ್ಫ್ ಚೆಂಡು ಸುಮಾರು 46 ಗ್ರಾಂ ತೂಗುವ ಗಟ್ಟಿ ಉಂಡೆ. ಸಾಧಾರಣ ಆಟಗಾರನ 7 ಐರನ್ ಹೊಡೆತವೂ ನೂರು ಮೀಟರ್ ದಾಟುತ್ತದೆ, ಅದೂ ಎತ್ತ ಹೋಗುತ್ತದೋ ಗೊತ್ತಿಲ್ಲ. ಬಡಿದರೆ ಜೀವಕ್ಕೇ ಅಪಾಯ. ಹುಬ್ಬಳ್ಳಿಯ ನೆಹರೂ ಮೈದಾನದಂಥ ಜಾಗದಲ್ಲಿ ಬೆಳಗ್ಗೆ ಐದಾರು ಕ್ರಿಕೆಟ್ ಪಂದ್ಯ ಒಟ್ಟಿಗೆ ನಡೆಯುತ್ತಿರುತ್ತವೆ, ಅಲ್ಲಿ ಪ್ಲಾಸ್ಟಿಕ್ ಚೆಂಡು ಮಾತ್ರ. ಕೊಯ್ಲಾದ ಹೊಲದಲ್ಲಿ ಹೊಡೆಯುವುದಾದರೆ ಹೊಲದವರನ್ನು ಕೇಳಿ, ದನ-ಕುರಿ ಮೇಯಿಸುವವರು ಇದ್ದಾರಾ ನೋಡಿ. ಕ್ರಿಕೆಟ್ ನೆಟ್ ಒಳಗೆ ಹೊಡೆಯುವ ಯೋಚನೆ ಇದ್ದರೆ ಮೊದಲು ಬಲೆಯ ಕಣ್ಣು ಅಳೆಯಿರಿ. ಕ್ರಿಕೆಟ್ ಚೆಂಡು ಏಳು ಸೆಂಟಿಮೀಟರಿಗಿಂತ ದಪ್ಪ, ಗಾಲ್ಫ್ ಚೆಂಡು ನಾಲ್ಕೂಕಾಲು ಸೆಂಟಿಮೀಟರ್. ಒಂದನ್ನು ತಡೆಯುವ ಬಲೆಯಲ್ಲಿ ಇನ್ನೊಂದು ನುಸುಳಿ ಹೋಗಬಹುದು.

ಹಂತ 1: ಕಾಯಿಲೆ ಯಾವುದು ಅಂತ ನೋಡಿಕೊಳ್ಳಿ

ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಟಾಲ್ಕಮ್ ಪೌಡರ್ ಉದುರಿಸಿ. ಜಾಸ್ತಿ ಬೇಡ, ಬೆರಳಿನಿಂದ ಸವರಿದರೆ ಗುರುತು ಬೀಳುವಷ್ಟು ಸಾಕು. ಒಂದು ಚೆಂಡು ಹೊಡೆದು ಮುಖ ನೋಡಿ. ಚೆಂಡು ತಾಗಿದ ಕಡೆ ಪೌಡರ್ ಹೋಗಿ ದುಂಡನೆಯ ಗುರುತು ಇರುತ್ತದೆ, ಚೆಂಡಿನ ಮೇಲಿನ ಕುಳಿಗಳ ಅಚ್ಚೂ ಕಾಣಬಹುದು. ಒರೆಸಿ, ಮತ್ತೆ ಪೌಡರ್ ಹಾಕಿ, ಮತ್ತೆ ಹೊಡೆಯಿರಿ. ಹತ್ತು ಸಲ ಮಾಡಿ ಪ್ರತಿ ಗುರುತನ್ನೂ ಕಾಗದದ ಮೇಲೆ ಬರೆದುಕೊಳ್ಳಿ.

ಗುರುತು ಮುಖದ ತೀರಾ ಕೆಳಗೆ, ಅಂಚಿನ ಹತ್ತಿರ ಬೀಳುತ್ತಿದ್ದರೆ ನಿಮ್ಮದು ನೆಲದ ಸಮಸ್ಯೆ, ಅಂದರೆ ಲೋ ಪಾಯಿಂಟ್. ಹೊರತುದಿಗೆ ಅಥವಾ ಕುತ್ತಿಗೆಯ ಕಡೆ ಬೀಳುತ್ತಿದ್ದರೆ ಅದು ದೂರದ ಸಮಸ್ಯೆ, ಅಂದರೆ ಚೆಂಡಿಗೂ ನಿಮಗೂ ನಡುವಿನ ಅಂತರ ಸ್ವಿಂಗ್‌ನಲ್ಲಿ ಬದಲಾಗುತ್ತಿದೆ. ಎರಡೂ ಇದ್ದರೆ ಮೊದಲು ನೆಲದ್ದು. ದೂರದ್ದಕ್ಕೆ 7ನೇ ಹಂತ ಇದೆ. ಶ್ಯಾಂಕ್ ಮಾತ್ರ ದಿನವೂ ಆಗುತ್ತಿದ್ದರೆ ನೇರ ಅಲ್ಲಿಗೇ ಹೋಗಿ.

ಹಂತ 2: ನಿಲ್ಲುವ ರೀತಿ

ಪಾದಗಳ ನಡುವೆ ಭುಜದಷ್ಟು ಅಗಲ. 7 ಐರನ್‌ಗೆ ಚೆಂಡು ನಡುಮಧ್ಯದಿಂದ ಒಂದು ಚೆಂಡಿನಷ್ಟು ಎಡಕ್ಕೆ. 9 ಐರನ್‌ಗೆ ನಡುಮಧ್ಯ. "ಎಡ ಹಿಮ್ಮಡಿಯ ಎದುರಿಗೆ ಇಡಿ" ಅಂತ ಯಾರೋ ಹೇಳಿರುತ್ತಾರೆ. ಅದು ಡ್ರೈವರ್‌ಗೆ, ಅಂದರೆ ತೀರಾ ದೂರ ಹೊಡೆಯುವ ಉದ್ದನೆಯ ಕ್ಲಬ್‌ಗೆ ಹೇಳಿದ ಮಾತು. ಡ್ರೈವರ್‌ನಲ್ಲಿ ಚೆಂಡು ಟೀ ಮೇಲೆ, ಅಂದರೆ ಚಿಕ್ಕ ಗೂಟದ ಮೇಲೆ ಎತ್ತರಕ್ಕೆ ಕೂತಿರುತ್ತದೆ. ಮೇಲೇಳುವ ಕ್ಲಬ್ ತಾಗಿದರೂ ನಡೆಯುತ್ತದೆ. ನೆಲದ ಮೇಲಿನ ಚೆಂಡಿಗೆ ಅದು ನಡೆಯೋದಿಲ್ಲ.

ಸೊಂಟದಿಂದ ಬಗ್ಗಿ, ಬೆನ್ನು ಗೂನು ಮಾಡಬೇಡಿ. ಕೈಗಳು ಭುಜದಿಂದ ಸಡಿಲವಾಗಿ ನೇತಾಡಲಿ. ಹಿಡಿಯ ತುದಿಗೂ ತೊಡೆಗೂ ನಡುವೆ ಒಂದು ಅಗಲಿಸಿದ ಅಂಗೈ ಹಿಡಿಸಬೇಕು. ಹಿಡಿ ಸ್ವಲ್ಪ ಎಡತೊಡೆಯ ಒಳಭಾಗದ ಕಡೆ ವಾಲಿರಲಿ. ಭಾರ ಎಡಗಾಲಿನ ಮೇಲೆ ಒಂದು ಚೂರು ಜಾಸ್ತಿ, ನೂರರಲ್ಲಿ 55 ಅನ್ನಿ.

ಕ್ಲಬ್ಬನ್ನು ಬೆರಳುಗಳಲ್ಲಿ ಹಿಡಿಯಿರಿ, ಅಂಗೈ ತುಂಬಾ ಅಪ್ಪಬೇಡಿ. ಎಡಗೈ ಮೇಲೆ, ಬಲಗೈ ಕೆಳಗೆ. ಮುಂದೋಳು ಬಿಗಿದುಕೊಂಡಿದ್ದರೆ ಹಿಡಿತ ಜಾಸ್ತಿಯಾಯಿತು ಅಂತ ಅರ್ಥ.

ಹಂತ 3: ಚೆಂಡಿಲ್ಲದೆ ರಂಗೋಲಿ ಗೆರೆ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಸಮಯ ಇದ್ದರೆ ಇದನ್ನೇ ಮಾಡಿ. ವೃತ್ತಿಪರ ತರಬೇತುದಾರರೂ ಇದನ್ನು ಮಾಡಿಸುತ್ತಾರೆ. ಅವರು ಸುಣ್ಣ ಅಥವಾ ಸ್ಪ್ರೇ ಬಣ್ಣ ಬಳಸುತ್ತಾರೆ, ನಮ್ಮ ಮನೆಯಲ್ಲಿ ರಂಗೋಲಿ ಡಬ್ಬಿ ಇದ್ದೇ ಇರುತ್ತದೆ.

ನೆಲದ ಮೇಲೆ ಒಂದೂವರೆ-ಎರಡು ಅಡಿ ಉದ್ದದ ನೇರ ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವಿನಿಂದ ನಿಮ್ಮ ಎದುರಿಗೆ ಹೋಗಬೇಕು, ಗುರಿಯ ದಿಕ್ಕಿಗೆ ಅಡ್ಡ. ಗೆರೆಯನ್ನೇ ಚೆಂಡು ಅಂದುಕೊಳ್ಳಿ. ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ, ಅರ್ಧ ಸ್ವಿಂಗ್ ಮಾಡಿ. ಕ್ಲಬ್ ನೆಲವನ್ನು ಸವರಿ ಹೋಗಲಿ.

ಈಗ ಬಗ್ಗಿ ನೋಡಿ. ಉಸುಕಿನಲ್ಲಿ ಕ್ಲಬ್ ಕೆರೆದ ಗುರುತು ಎಲ್ಲಿ ಶುರುವಾಗಿದೆ? ಗೆರೆಯ ಮೇಲೆ ಅಥವಾ ಗೆರೆಯ ಎಡಕ್ಕೆ ಶುರುವಾಗಿದ್ದರೆ ಸರಿ. ಬಿಳಿ ಪುಡಿ ಗುರಿಯ ಕಡೆ ಚೆಲ್ಲಿರುತ್ತದೆ, ಗೆರೆಯ ಬಲಭಾಗದ ಉಸುಕು ಮುಟ್ಟದ ಹಾಗೇ ಇರುತ್ತದೆ. ಗುರುತು ಗೆರೆಯ ಬಲಕ್ಕೆ ಶುರುವಾಗಿ ಗೆರೆಯನ್ನು ದಾಟಿ ಹೋಗಿದ್ದರೆ ಅದು ಫ್ಯಾಟ್. ಗೆರೆ ಹಾಗೇ ಇದ್ದು ನೆಲಕ್ಕೆ ಏನೂ ಆಗದಿದ್ದರೆ ಚೆಂಡಿನ ನೆತ್ತಿಗೆ ತಾಗುತ್ತಿತ್ತು ಅಂತ ಅರ್ಥ. ಗುರುತು ಗೆರೆಯ ಬಲಕ್ಕೇ ಇದ್ದು, ಗೆರೆ ಹತ್ತಿರ ಬರುವಾಗ ಮಾಯವಾಗಿದ್ದರೆ ಕ್ಲಬ್ ಆಗಲೇ ಮೇಲೆದ್ದಿದೆ. ಒಂದು ಗೆರೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತಾ ಏಳೆಂಟು ಸ್ವಿಂಗ್ ಮಾಡಬಹುದು. ಆಮೇಲೆ ಉಸುಕು ಸವರಿ ಹೊಸ ಗೆರೆ.

ಚೆಂಡು ಹೊಡೆದರೆ ಈ ಮಾಹಿತಿ ಸಿಗೋದಿಲ್ಲ. ಚೆಂಡು ಮತ್ತು ಕ್ಲಬ್ ಒಂದಕ್ಕೊಂದು ಅಂಟಿರುವ ಹೊತ್ತು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಅರ್ಧ. ಅಷ್ಟರಲ್ಲಿ ಏನಾಯಿತು ಅಂತ ಯಾರ ಕಣ್ಣಿಗೂ ಕಾಣೋದಿಲ್ಲ. ನೆಲದ ಗುರುತು ಮಾತ್ರ ಅಲ್ಲೇ ಉಳಿದಿರುತ್ತದೆ.

ಹತ್ತರಲ್ಲಿ ಏಳು ಸಲವಾದರೂ ಗುರುತು ಗೆರೆಯ ಮೇಲೆ ಅಥವಾ ಅದರ ಎಡಕ್ಕೆ ಶುರುವಾಗುವವರೆಗೆ ಚೆಂಡು ಹೊರಗೆ ತೆಗೆಯಬೇಡಿ. ಬೇಜಾರಾಗುತ್ತೆ, ಗೊತ್ತು. ಕೋಚಿಂಗ್‌ಗೆ ದುಡ್ಡು ಕೊಟ್ಟರೂ ಬೇಜಾರು ಇದ್ದದ್ದೇ.

ಹಂತ 4: ಭಾರವನ್ನು ಎಡಗಾಲಿಗೆ ತನ್ನಿ

ಗುರುತು ಗೆರೆಯ ಹಿಂದೆಯೇ ಬೀಳುತ್ತಿದ್ದರೆ ಕಾರಣ ಬಹುತೇಕ ಇಲ್ಲೇ ಇರುತ್ತದೆ. ಕ್ಲಬ್ ಹಿಂದೆ ಎತ್ತುವಾಗ ಇಡೀ ದೇಹ ಬಲಕ್ಕೆ ವಾಲುತ್ತದೆ, ಇಳಿಯುವಾಗ ವಾಪಸ್ ಬರೋದಿಲ್ಲ. ಹಿಂದೆ ಎತ್ತುವಾಗ ವಾಲಬೇಡಿ, ತಿರುಗಿ. ಬಲಪಾದದ ಹೊರಅಂಚಿಗೆ ಭಾರ ಹೋಯಿತು ಅಂದರೆ ವಾಲಿದಿರಿ. ಒಳಅಂಚಿನಲ್ಲೇ ಇದ್ದರೆ ತಿರುಗಿದಿರಿ.

ಕೆಳಗೆ ಬರುವಾಗ ಮೊದಲ ಕೆಲಸ ಕೈಯದಲ್ಲ, ಎಡಪಾದದ್ದು. ಎಡಪಾದವನ್ನು ನೆಲಕ್ಕೆ ಒತ್ತಿ, ಆಮೇಲೆ ಕೈ ತಾನೇ ಬರುತ್ತದೆ. ಇದನ್ನು ಕಲಿಯೋಕೆ ಒಂದು ಅಭ್ಯಾಸ ಇದೆ. ಎರಡೂ ಪಾದ ಕೂಡಿಸಿ ನಿಲ್ಲಿ. ಕ್ಲಬ್ ಹಿಂದೆ ಎತ್ತಿ. ಅದು ಇನ್ನೂ ಮೇಲೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಟ್ಟು ಹೊಡೆಯಿರಿ. ಕ್ರಿಕೆಟ್‌ನಲ್ಲಿ ಮುಂಗಾಲು ಹಾಕಿ ಡ್ರೈವ್ ಮಾಡಿದವರಿಗೆ ಇದು ಬೇಗ ಬರುತ್ತದೆ.

ಮುಗಿಸಿದಾಗ ಹೊಟ್ಟೆಯ ಗುಂಡಿ ಗುರಿಯ ಕಡೆ ನೋಡುತ್ತಿರಬೇಕು. ಬಲ ಹಿಮ್ಮಡಿ ಪೂರ್ತಿ ಮೇಲೆದ್ದಿರಬೇಕು, ಬಲ ಹೆಬ್ಬೆರಳು ಸುಮ್ನೆ ನೆಲ ಮುಟ್ಟಿರಬೇಕು. ಆ ಸ್ಥಿತಿಯಲ್ಲಿ ಚೆಂಡು ಬೀಳುವವರೆಗೆ ನಿಲ್ಲಿ. ಬಲಗಾಲು ಎತ್ತಿದರೆ ಹಿಂದಕ್ಕೆ ಬೀಳುತ್ತೀರಿ ಅಂತಾದರೆ ಭಾರ ಇನ್ನೂ ಬಂದಿಲ್ಲ.

ಹಂತ 5: ಚೆಂಡನ್ನು ಎತ್ತಲು ಹೋಗಬೇಡಿ

ಕ್ರಿಕೆಟ್ ಆಡಿ ಬಂದವರ ದೊಡ್ಡ ತೊಂದರೆ ಇದು, ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರದ್ದೂ. ಬ್ಯಾಟಿನ ಮುಖ ನೇರ ಇರುತ್ತದೆ. ಸಿಕ್ಸರ್ ಬೇಕಂದರೆ ಚೆಂಡಿನ ಕೆಳಗೆ ಬ್ಯಾಟ್ ತಂದು ಎತ್ತಬೇಕು. ಅದೇ ಅಭ್ಯಾಸದಲ್ಲಿ ಐರನ್ ಹಿಡಿದಾಗ ಬಲಗೈ ಕೊನೆಯ ಗಳಿಗೆಯಲ್ಲಿ ಚೆಂಡಿನ ಕೆಳಗೆ ನುಗ್ಗಿ ಮೊಗೆಯುತ್ತದೆ, ಎಡ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಕ್ಲಬ್ಬಿನ ತಲೆ ಕೈಗಳನ್ನು ದಾಟಿ ಮುಂದೆ ಹೋಗುತ್ತದೆ. ಲೋ ಪಾಯಿಂಟ್ ಹಿಂದೆ ಉಳಿಯಿತು, ಮತ್ತೆ ಅದೇ ಫ್ಯಾಟ್, ಅದೇ ಟಾಪ್. ಗದಗ-ಬೆಟಗೇರಿ ಕಡೆ ಹಾಕಿ ಆಟ ಆಡಿ ಬಂದವರಿಗೆ ಈ ತೊಂದರೆ ಕಡಿಮೆ ಅನ್ನೋದು ನನ್ನ ಅಂದಾಜು. ನೆಲದ ಚೆಂಡನ್ನು ನೆಲದಲ್ಲೇ ಹೊಡೆದು ಅವರಿಗೆ ರೂಢಿ.

ಲೆಕ್ಕ ನೋಡಿ. 7 ಐರನ್‌ನ ಓರೆ 32 ಡಿಗ್ರಿ ಅಂತಿಟ್ಟುಕೊಳ್ಳಿ. ಚೆಂಡು ತಾಗುವಾಗ ಕೈಗಳು ಮುಂದಿದ್ದು ಹಿಡಿ 7-8 ಡಿಗ್ರಿ ಗುರಿಯ ಕಡೆ ವಾಲಿದರೂ 24-25 ಡಿಗ್ರಿ ಉಳಿಯಿತು. ಚೆಂಡು ಏಳೋಕೆ ಅದು ಧಾರಾಳ ಸಾಕು. ನೀವು ಎತ್ತುವ ಅಗತ್ಯ ಇಲ್ಲವೇ ಇಲ್ಲ. ಕೆಳಕ್ಕೆ ಹೊಡೆದರೆ ಮೇಲಕ್ಕೆ ಹೋಗುತ್ತದೆ ಅನ್ನೋದನ್ನು ಬುದ್ಧಿ ಒಪ್ಪಿದರೂ ಕೈ ಒಪ್ಪೋಕೆ ಸಮಯ ಬೇಕು.

ಕೈಗೆ ಒಪ್ಪಿಸೋದು ಹೀಗೆ. ಟವೆಲ್ಲನ್ನು ಮಡಚಿ ಚೆಂಡಿನ ಹಿಂದೆ ಐದಾರು ಇಂಚು ದೂರದಲ್ಲಿ ಇಡಿ. ಟವೆಲ್ ಮುಟ್ಟದೆ ಚೆಂಡು ಹೊಡೆಯಿರಿ. ಮುಟ್ಟಿದರೆ ಭಾರ ಹಿಂದೆ ಉಳಿದಿದೆ ಅಥವಾ ಮೊಗೆದಿದ್ದೀರಿ. ಸುಲಭವಾದ ಮೇಲೆ ಟವೆಲ್ಲನ್ನು ನಾಲ್ಕು ಇಂಚಿಗೆ ತನ್ನಿ. ಅದಕ್ಕಿಂತ ಹತ್ತಿರ ತಂದರೆ ಸ್ವಿಂಗ್ ಕಡಿದಾಗಿ ಕೊಡಲಿ ಏಟಿನಂತಾಗುತ್ತದೆ, ಹೊಸ ತೊಂದರೆ ಶುರು. ಮ್ಯಾಟ್ ಮೇಲೂ ಈ ಅಭ್ಯಾಸ ನಡೆಯುತ್ತದೆ.

ಎಡ ಮಣಿಕಟ್ಟನ್ನು ನೋಡಿಕೊಳ್ಳೋಕೆ ಇನ್ನೊಂದು ದಾರಿ: ಗಡಿಯಾರದ ಪಟ್ಟಿಯೊಳಗೆ ಒಂದು ಐಸ್‌ಕ್ರೀಮ್ ಕಡ್ಡಿ ಸಿಕ್ಕಿಸಿ, ಅರ್ಧ ಕಡ್ಡಿ ಕೈಯ ಹಿಂಭಾಗದ ಮೇಲಿರಲಿ. ಮಣಿಕಟ್ಟು ಹಿಂದಕ್ಕೆ ಮಡಚಿದ ತಕ್ಷಣ ಕಡ್ಡಿ ಚುಚ್ಚಿ ಹೇಳುತ್ತದೆ. ಚಿಕ್ಕ ಹೊಡೆತಕ್ಕೆ ಮಾತ್ರ ಇದನ್ನು ಬಳಸಿ.

ಹಂತ 6: ಚೆಂಡು ಇಟ್ಟು, ಚಿಕ್ಕದರಿಂದ ದೊಡ್ಡದಕ್ಕೆ

ಮೊದಲು ಪ್ಲಾಸ್ಟಿಕ್ ಚೆಂಡು, ಸೊಂಟದಿಂದ ಸೊಂಟಕ್ಕೆ. ಗೆರೆ ಎಳೆದು ಚೆಂಡನ್ನು ಗೆರೆಯ ಮೇಲೇ ಇಡಿ. ಎರಡು ಸ್ವಿಂಗ್ ಬರೀ ನೆಲಕ್ಕೆ, ಒಂದು ಚೆಂಡಿಗೆ. ಈ ಎರಡಕ್ಕೊಂದು ಲೆಕ್ಕವನ್ನು ಬಿಡಬೇಡಿ. ಚೆಂಡು ಕಂಡ ಕೂಡಲೇ ಕೈ ಹಳೆಯ ಚಾಳಿಗೆ ಓಡುತ್ತದೆ, ಎರಡು ಖಾಲಿ ಸ್ವಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ.

ಆಮೇಲೆ ಮುಕ್ಕಾಲು ಸ್ವಿಂಗ್. ಪೂರ್ತಿ ಸ್ವಿಂಗ್ ಕೊನೆಗೆ. ಪೂರ್ತಿಯಲ್ಲಿ ಕೆಟ್ಟರೆ ಮುಕ್ಕಾಲಿಗೆ ವಾಪಸ್. ಶಕ್ತಿಯ ಬಗ್ಗೆ ಈಗ ಯೋಚನೆ ಬೇಡ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರಲ್ವಾ, ಅವರು ಆ ಕಣದಲ್ಲಿ ದೂರ ಹೊಡೆಯುವವರ ಸಾಲಿನಲ್ಲಿ ಇರಲೇ ಇಲ್ಲ.

ಗಟ್ಟಿ ನೆಲದಲ್ಲಿ ಹೊಡೆಯುವವರು ಒಂದು ವಿಷಯ ತಿಳಿದಿರಿ. ಮೆತ್ತನೆಯ ಹುಲ್ಲಿನಲ್ಲಿ ಹಿಂದೆ ಬಿದ್ದ ಕ್ಲಬ್ ಹೂತುಹೋಗುತ್ತದೆ, ಗಟ್ಟಿ ನೆಲದಲ್ಲಿ ಪುಟಿದು ಚೆಂಡಿನ ನಡುಭಾಗಕ್ಕೆ ತಾಗುತ್ತದೆ. ಅಂದರೆ ನೀವು ಥಿನ್ ಅಂದುಕೊಂಡದ್ದು ನಿಜವಾಗಿ ಫ್ಯಾಟ್ ಇರಬಹುದು. ಅನುಮಾನ ಬಂದರೆ ಗೆರೆಗೆ ಹೋಗಿ ನೋಡಿ.

"ತಲೆ ಎತ್ತಬೇಡ" ಅನ್ನುವ ಸಲಹೆ

ಟಾಪ್ ಆದ ಕೂಡಲೇ ಪಕ್ಕದಲ್ಲಿದ್ದವರು "ತಲೆ ಎತ್ತಿದೆ ನೋಡು" ಅನ್ನುತ್ತಾರೆ. ಗಾಲ್ಫ್‌ನಲ್ಲಿ ಇಷ್ಟು ಹಾನಿ ಮಾಡಿದ ಪುಕ್ಕಟೆ ಸಲಹೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್ ಚೆಂಡು ತಾಗುವ ಹೊತ್ತಿಗೇ ತಲೆಯನ್ನು ಗುರಿಯ ಕಡೆ ತಿರುಗಿಸುತ್ತಿದ್ದರು. ಅವರು ಮಹಿಳಾ ವೃತ್ತಿಪರರ ಎಲ್‌ಪಿಜಿಎ ಟೂರ್‌ನಲ್ಲಿ 72 ಪ್ರಶಸ್ತಿ ಗೆದ್ದವರು, 2001ರಲ್ಲಿ ಒಂದು ಪೂರ್ತಿ ಸುತ್ತನ್ನು ಬರೀ 59 ಹೊಡೆತದಲ್ಲಿ ಮುಗಿಸಿದವರು. ತಲೆ ತಿರುಗೋದು ತಪ್ಪಲ್ಲ. ಸೊಂಟ ನೆಟ್ಟಗಾಗಿ ಇಡೀ ಮೈ ಮೇಲೇಳುವುದು, ಎಡ ಮೊಣಕೈ ಮಡಚಿ ಕೈ ಗಿಡ್ಡವಾಗುವುದು, ಇವು ತಪ್ಪು. ತಲೆಯನ್ನು ಬಲವಂತವಾಗಿ ಕೆಳಗೆ ಹಿಡಿದರೆ ದೇಹ ತಿರುಗೋದೇ ನಿಂತು ಭಾರ ಬಲಗಾಲಿನಲ್ಲೇ ಉಳಿಯುತ್ತದೆ. 4ನೇ ಹಂತದಲ್ಲಿ ಗಳಿಸಿದ್ದೆಲ್ಲ ಹೋಯಿತು.

ಎಡಗೈಯನ್ನು ಕಬ್ಬಿಣದ ಸರಳಿನ ಥರ ಬಿಗಿಯಾಗಿಡು ಅನ್ನೋದೂ ಅದೇ ಜಾತಿಯ ಸಲಹೆ. ಚಾಚಿರಬೇಕು, ಬಿಗಿ ಇರಬಾರದು.

ಹಂತ 7: ಹೊರತುದಿ ಮತ್ತು ಶ್ಯಾಂಕ್

ಪೌಡರ್ ಗುರುತು ಕುತ್ತಿಗೆಯ ಕಡೆ ಬೀಳುತ್ತಿದ್ದರೆ ಕ್ಲಬ್ ನೀವು ಇಟ್ಟ ಜಾಗಕ್ಕಿಂತ ಹೊರಗೆ ಬರುತ್ತಿದೆ. ಸಾಮಾನ್ಯ ಕಾರಣ, ಇಳಿಯುವಾಗ ಭಾರ ಹೆಬ್ಬೆರಳುಗಳ ಕಡೆ ಹೋಗಿ ಸೊಂಟ ಚೆಂಡಿನ ಕಡೆ ಮುನ್ನುಗ್ಗುವುದು. ಹಿಂಭಾಗ ಗೋಡೆಗೆ ತಾಗಿಸಿ ನಿಂತು, ಕ್ಲಬ್ ಇಲ್ಲದೆ, ಕೈಗಳನ್ನು ಎದೆಗೆ ಕಟ್ಟಿ ನಿಧಾನವಾಗಿ ತಿರುಗಿ. ಹಿಂದೆ ಎತ್ತುವಾಗ ಬಲಭಾಗ ಗೋಡೆಗೆ ಒತ್ತಬೇಕು, ಇಳಿಯುವಾಗ ಎಡಭಾಗ. ಎರಡೂ ಗೋಡೆ ಬಿಟ್ಟರೆ ಅದೇ ನಿಮ್ಮ ಶ್ಯಾಂಕ್.

ಚೆಂಡು ಹೊಡೆಯುವಾಗ ಖಾಲಿ ಬೆಂಕಿಪೊಟ್ಟಣವನ್ನು ಚೆಂಡಿನ ಆಚೆ, ನಿಮ್ಮಿಂದ ದೂರದ ಬದಿಗೆ, ಎರಡು ಬೆರಳಷ್ಟು ಅಂತರದಲ್ಲಿ ಇಡಿ. ಪೊಟ್ಟಣ ಹಾರದೆ ಚೆಂಡು ಮಾತ್ರ ಹಾರಬೇಕು. ಗುರುತು ಹೊರತುದಿಗೆ ಬೀಳುವವರಿಗೆ ಉಲ್ಟಾ: ಪೊಟ್ಟಣ ಚೆಂಡಿಗೂ ನಿಮಗೂ ನಡುವೆ. ಹೊರತುದಿಗೆ ತಾಗುವವರಲ್ಲಿ ಹಲವರು ಸುಮ್ನೆ ದೂರ ನಿಂತಿರುತ್ತಾರೆ, ಅಥವಾ ಹೊಡೆಯುವಾಗ ಕೈ ಒಳಕ್ಕೆ ಎಳೆದುಕೊಳ್ಳುತ್ತಾರೆ. 2ನೇ ಹಂತದ ಅಂಗೈ ಅಳತೆ ಇನ್ನೊಮ್ಮೆ ನೋಡಿ.

ಎಷ್ಟು, ಯಾವಾಗ

ದಿನಾ ಇಪ್ಪತ್ತು ನಿಮಿಷ, ಭಾನುವಾರ ಒಂದೇ ಸಲ ಮೂರು ತಾಸು ಹೊಡೆಯೋದಕ್ಕಿಂತ ಒಳ್ಳೆಯದು. ಏಪ್ರಿಲ್-ಮೇ ಬಿಸಿಲಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ. ಮೊಣಕೈಯ ಒಳಬದಿ ನೋಯೋಕೆ ಶುರುವಾದರೆ ಅದಕ್ಕೆ ಗಾಲ್ಫರ್ಸ್ ಎಲ್ಬೊ ಅಂತಲೇ ಹೆಸರಿದೆ. ನಿಲ್ಲಿಸಿ, ವಿಶ್ರಾಂತಿ ಕೊಡಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೋವಿನ ಮೇಲೆ ಹೊಡೆದು ಗಟ್ಟಿ ಮಾಡಿಕೊಳ್ಳುತ್ತೇನೆ ಅನ್ನೋದು ಇಲ್ಲಿ ನಡೆಯೋದಿಲ್ಲ.

ಕೆಲವು ವಾರ ಮಾಡಿದರೂ ಗುರುತು ಗೆರೆಯ ಹಿಂದೆಯೇ ಇದ್ದರೆ ಒಬ್ಬ ತರಬೇತುದಾರರಿಗೆ ವಿಡಿಯೊ ತೋರಿಸಿ. ಎರಡು ವಿಡಿಯೊ ಬೇಕು. ಒಂದು ನಿಮ್ಮ ಎದುರಿನಿಂದ, ಫೋನ್ ನಿಮ್ಮ ಎದೆಯ ನೇರಕ್ಕೆ. ಇನ್ನೊಂದು ಬಲಬದಿಯಿಂದ, ಗುರಿಯ ಕಡೆ ಮುಖ ಮಾಡಿ, ಫೋನ್ ನಿಮ್ಮ ಕೈಗಳ ನೇರಕ್ಕೆ. ಎರಡರಲ್ಲೂ ಫೋನ್ ಸೊಂಟದ ಎತ್ತರದಲ್ಲಿ ಅಲುಗಾಡದೆ ಇರಲಿ, ಪಾದದಿಂದ ಕ್ಲಬ್ಬಿನ ತುದಿವರೆಗೆ ಎಲ್ಲ ಕಾಣಲಿ. ಸ್ಲೋ ಮೋಷನ್ ಹಾಕಿ. ಸೂರ್ಯ ಫೋನಿನ ಬೆನ್ನಿಗಿರಲಿ. ಚೆನ್ನಾಗಿ ಬಂದ ಹೊಡೆತವನ್ನಷ್ಟೇ ಆರಿಸಿ ಕಳಿಸಬೇಡಿ, ಸಾಲಾಗಿ ಹೊಡೆದ ಐದನ್ನು ಹಾಗೇ ಕಳಿಸಿ. ಜೊತೆಗೆ ಹೊಡೆದ ಮೇಲೆ ನೆಲದ ಮೇಲಿನ ಗೆರೆಯ ಒಂದು ಫೋಟೊ.